ಮಾನಿಟರ್‌ನಿಂದ ಲೆಕ್ಕ ಶುರುಮಾಡಿ: ಮನೆಯ ಗೇಮಿಂಗ್ ಕಂಪ್ಯೂಟರಿಗೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಆರಿಸುವ ಬಗೆ

(ಶಿರಸಿಯಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಗೇಮಿಂಗ್ ಕಂಪ್ಯೂಟರ್ ಜೋಡಿಸಬೇಕು ಎಂದು ಅಂಗಡಿಗೆ ಹೋದರೆ ಮೊದಲ ಪ್ರಶ್ನೆ ‘ಬಜೆಟ್ ಎಷ್ಟು?’. ಎರಡನೆಯದು ‘ಐ5 ಸಾಕಾ, ಐ7 ಬೇಕಾ?’ (ಎರಡೂ ಇಂಟೆಲ್ ಪ್ರೊಸೆಸರಿನ ಹಂತಗಳು). ಮೊದಲನೆಯದು ಸರಿಯಾದ ಪ್ರಶ್ನೆ. ಎರಡನೆಯದಕ್ಕೆ ಇನ್ನೂ ಹೊತ್ತು ಬಂದಿಲ್ಲ. ಅದಕ್ಕೂ ಮೊದಲು ಕೇಳಬೇಕಾದ್ದು ‘ಮಾನಿಟರ್ ಯಾವುದು? ಯಾವ ಆಟ ಆಡುತ್ತೀರಿ?’. ಇದರ ಜೊತೆಗೆ ನಮ್ಮ ಜಿಲ್ಲೆಯವರು ಕೇಳಿಕೊಳ್ಳಲೇಬೇಕಾದ ಮತ್ತೊಂದು ಪ್ರಶ್ನೆಯಿದೆ: ‘ಒಟ್ಟು ಎಷ್ಟು ವ್ಯಾಟ್?’. ದೊಡ್ಡ ಊರಿನ ಏಸಿ ಕೋಣೆಯಲ್ಲಿ ಮಾಡಿದ ವಿಡಿಯೋ ನೋಡಿ ಪಟ್ಟಿ ಬರೆದುಕೊಂಡವರು ಇದನ್ನು ಮರೆಯುತ್ತಾರೆ. ಕಾರವಾರದ ಸೆಕೆಯಲ್ಲೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಳೆಗಾಲದ ಕರೆಂಟಿನಲ್ಲೂ ನಿಮ್ಮ ಕಂಪ್ಯೂಟರ್ ಎಷ್ಟು ವರ್ಷ ಬಾಳುತ್ತದೆ ಎನ್ನುವುದು ಬಹುಪಾಲು ಆ ವ್ಯಾಟಿನ ಮೇಲೆಯೇ ನಿಂತಿದೆ.

ಮೊದಲು ಪರದೆಯ ಲೆಕ್ಕ. 1080ಪಿ ಎಂದರೆ 1920 ಅಡ್ಡ, 1080 ಉದ್ದ. ಗುಣಿಸಿದರೆ ಸುಮಾರು 20.7 ಲಕ್ಷ ಚುಕ್ಕೆ. 1440ಪಿಯಲ್ಲಿ 36.9 ಲಕ್ಷ. 4ಕೆಯಲ್ಲಿ 82.9 ಲಕ್ಷ. ಗ್ರಾಫಿಕ್ಸ್ ಕಾರ್ಡ್ ಪ್ರತಿ ಫ್ರೇಮಿನಲ್ಲೂ, ಅಂದರೆ ಪರದೆಗೆ ಬರುವ ಒಂದೊಂದು ಚಿತ್ರದಲ್ಲೂ, ಇಷ್ಟು ಚುಕ್ಕೆಗಳಿಗೆ ಬಣ್ಣ ಹಚ್ಚಬೇಕು. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದೊಂದಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. 144 ಹರ್ಟ್ಸ್ (ಸೆಕೆಂಡಿಗೆ 144 ಚಿತ್ರ ತೋರಿಸುವ) ಮಾನಿಟರ್ ತಂದು ಅದನ್ನು ಪೂರ್ತಿ ಬಳಸಬೇಕಾದರೆ 6.9 ಮಿಲಿಸೆಕೆಂಡ್ ಮಾತ್ರ. ಹೀಗಾಗಿ 4ಕೆ ಟಿವಿಗೆ ಜೋಡಿಸಿ ಆಡುವವರಿಗೂ 1080ಪಿ 144 ಹರ್ಟ್ಸ್ ಮಾನಿಟರಿನಲ್ಲಿ ಆಡುವವರಿಗೂ ಬೇಕಾದ ಯಂತ್ರ ಒಂದೇ ಅಲ್ಲ. ಮೊದಲನೆಯವರ ಹಣ ಬಹುಪಾಲು ಕಾರ್ಡಿಗೆ ಹೋಗಬೇಕು. ಎರಡನೆಯವರು ಪ್ರೊಸೆಸರನ್ನೂ ಗಟ್ಟಿಯಾಗಿಯೇ ಆರಿಸಬೇಕು.

ಯಾಕೆ ಎನ್ನುವುದನ್ನು ಅಡಿಕೆ ಕೊಯ್ಲು ನೋಡಿದವರಿಗೆ ಹೇಳುವುದು ಸುಲಭ. ತೋಟದಲ್ಲಿ ಮರ ಹತ್ತುವ ಕೊನೆಗೌಡ ಒಬ್ಬನೋ ಇಬ್ಬರೋ. ಯಾವ ಕೊನೆ (ಗೊನೆ) ಬಲಿತಿದೆ, ಯಾವುದನ್ನು ಬಿಡಬೇಕು, ಈ ಮರದಿಂದ ಆ ಮರಕ್ಕೆ ಹೇಗೆ ದಾಟಬೇಕು ಎಂದು ಅವನು ಕ್ಷಣಕ್ಷಣಕ್ಕೂ ತೀರ್ಮಾನಿಸಬೇಕು. ಅಂಗಳದಲ್ಲಿ ಮೆಟ್ಟುಗತ್ತಿ ಹಿಡಿದು ಸುಲಿಯುವವರು ಹತ್ತಿಪ್ಪತ್ತು ಮಂದಿ. ಅವರೆಲ್ಲರದೂ ಒಂದೇ ಕೆಲಸ. ಪ್ರೊಸೆಸರ್ ಆ ಕೊನೆಗೌಡ: ಎಎಂಡಿಯ ರೈಜನ್ 5 5600ರಲ್ಲಿ ಇರುವುದು 6 ಕೋರ್. ಶತ್ರು ಎಲ್ಲಿ ಓಡಬೇಕು, ಗುಂಡು ಯಾರಿಗೆ ತಾಗಿತು, ಈ ಫ್ರೇಮಿನಲ್ಲಿ ಏನೇನು ಬಿಡಿಸಬೇಕು ಎಂಬ ತೀರ್ಮಾನ ಅದರದ್ದು. ಗ್ರಾಫಿಕ್ಸ್ ಕಾರ್ಡ್ ಅಂಗಳದಲ್ಲಿ ಸುಲಿಯುವವರ ಗುಂಪು: ಎನ್‌ವಿಡಿಯಾದ ಆರ್‌ಟಿಎಕ್ಸ್ 4060ರಲ್ಲಿ 3072 ಸಣ್ಣ ಕೋರ್‌ಗಳಿವೆ. ಕೊನೆಗೌಡ ನಿಧಾನವಾದರೆ ಸುಲಿಯುವವರು ಕೈಕಟ್ಟಿ ಕೂರುತ್ತಾರೆ. ಸುಲಿಯುವವರು ಸಾಲದಿದ್ದರೆ ಕೊನೆ ಅಂಗಳದಲ್ಲೇ ರಾಶಿ ಬೀಳುತ್ತದೆ. 1080ಪಿಯಿಂದ 1440ಪಿಗೆ ಹೋದಾಗ ಪ್ರೊಸೆಸರಿನ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕಾರ್ಡಿನ ಚುಕ್ಕೆಗಳು ಮಾತ್ರ 1.78 ಪಟ್ಟಾಗುತ್ತವೆ. ಪರದೆ ದೊಡ್ಡದಾದಷ್ಟೂ ಕಾರ್ಡು ಮುಖ್ಯ, ಫ್ರೇಮ್ ಹೆಚ್ಚು ಬೇಕಾದಷ್ಟೂ ಪ್ರೊಸೆಸರ್ ಮುಖ್ಯ ಎನ್ನುವ ಮಾತು ಬಂದಿದ್ದು ಇಲ್ಲಿಂದ.

ಈಗಾಗಲೇ ಮನೆಯಲ್ಲಿ ಕಂಪ್ಯೂಟರ್ ಇದ್ದು, ಯಾವ ಭಾಗ ಬದಲಿಸಬೇಕು ಎಂದು ತಿಳಿಯದವರು ಹಣ ಖರ್ಚು ಮಾಡುವ ಮೊದಲು ಹತ್ತು ನಿಮಿಷದ ಪರೀಕ್ಷೆ ಮಾಡಿ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಹಾಕಿಕೊಂಡು, ಆಟದ ನಡುವೆಯೇ ಪರದೆಯ ಮೂಲೆಯಲ್ಲಿ ಕಾರ್ಡಿನ ಬಳಕೆ ಕಾಣುವಂತೆ ಮಾಡಿ. ವಿ-ಸಿಂಕ್ (ಫ್ರೇಮನ್ನು ಮಾನಿಟರಿನ ವೇಗಕ್ಕೆ ಕಟ್ಟುವ ಸೆಟ್ಟಿಂಗ್) ಮತ್ತು ಫ್ರೇಮ್ ಮಿತಿ ಎರಡನ್ನೂ ತೆಗೆಯಿರಿ. ಕಾರ್ಡಿನ ಬಳಕೆ ಶೇಕಡಾ 95ರಿಂದ 99ರಲ್ಲಿ ನಿಂತಿದ್ದರೆ ದುಡಿಯುತ್ತಿರುವುದು ಕಾರ್ಡು. ಕಾರ್ಡು ಬದಲಿಸಿದರೆ ಲಾಭವಿದೆ. 60, 70ರಲ್ಲಿ ಓಲಾಡುತ್ತಿದ್ದು ಫ್ರೇಮೂ ಕಡಿಮೆಯಿದ್ದರೆ ಪ್ರೊಸೆಸರ್ ಹಿಂದೆ ಬಿದ್ದಿದೆ. ಖಚಿತ ಮಾಡಿಕೊಳ್ಳಲು ಆಟದ ರೆಸಲ್ಯೂಷನ್ ಇಳಿಸಿ ನೋಡಿ. ಇಳಿಸಿದರೂ ಫ್ರೇಮ್ ಏರದಿದ್ದರೆ ಹೊಸ ಕಾರ್ಡು ತಂದರೂ ಏರುವುದಿಲ್ಲ. ಒಂದು ಎಚ್ಚರಿಕೆ: ಪ್ರೊಸೆಸರಿನ ಒಟ್ಟು ಬಳಕೆ ಶೇಕಡಾ 30 ಎಂದು ಕಂಡರೆ ‘ಅದು ಖಾಲಿ ಇದೆಯಲ್ಲ’ ಎಂದುಕೊಳ್ಳಬೇಡಿ. 12 ಥ್ರೆಡ್‌ಗಳಲ್ಲಿ (ಪ್ರೊಸೆಸರ್ ಏಕಕಾಲಕ್ಕೆ ನಡೆಸುವ ಕೆಲಸದ ಎಳೆಗಳಲ್ಲಿ) ಒಂದೆರಡು ತುಂಬಿ ತುಳುಕುತ್ತಿದ್ದರೂ ಸರಾಸರಿ ಅಷ್ಟೇ ತೋರಿಸುತ್ತದೆ. ಆಟದ ಮುಖ್ಯ ಕೆಲಸ ಒಂದೇ ಥ್ರೆಡ್ಡಿನಲ್ಲಿ ಸಿಕ್ಕಿಕೊಂಡಿರುವುದು ಸಾಮಾನ್ಯ.

ಕಾರ್ಡು

ಮಾನಿಟರ್ ಬಿಟ್ಟು ಉಳಿದ ಖರ್ಚಿನಲ್ಲಿ ಶೇಕಡಾ 35ರಿಂದ 45 ಕಾರ್ಡಿಗೆ, 15ರಿಂದ 20 ಪ್ರೊಸೆಸರಿಗೆ ಎಂಬ ಅಂದಾಜು ಹೆಚ್ಚಿನವರಿಗೆ ಸರಿಹೋಗುತ್ತದೆ. ರೂಪಾಯಿಯಲ್ಲಿ ಹೇಳುವುದಿಲ್ಲ, ಬೆಲೆ ವಾರಕ್ಕೊಮ್ಮೆ ಬದಲಾಗುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ ರೀತಿ ನೋಡಿದವರಿಗೆ ಇದು ಗೊತ್ತು.

1080ಪಿ ಮಾನಿಟರಿಗೆ ಎಎಂಡಿಯ ರೇಡಿಯನ್ ಆರ್‌ಎಕ್ಸ್ 6600 ಇನ್ನೂ ಮರ್ಯಾದೆಯ ಕಾರ್ಡು: 8 ಜಿಬಿ ಮೆಮೊರಿ, 132 ವ್ಯಾಟ್. ಆರ್‌ಟಿಎಕ್ಸ್ 4060 ಕೂಡ 8 ಜಿಬಿ, ಕೇವಲ 115 ವ್ಯಾಟ್. 2025ರ ಮೇನಲ್ಲಿ ಬಂದ ಆರ್‌ಟಿಎಕ್ಸ್ 5060 ಅದಕ್ಕಿಂತ ವೇಗ, 145 ವ್ಯಾಟ್, ಆದರೆ ಮೆಮೊರಿ ಮತ್ತೆ 8 ಜಿಬಿಯೇ. ಹೊಸ ಆಟಗಳಲ್ಲಿ ಗೋಡೆ, ನೆಲಗಳ ಚಿತ್ರದ ಸೆಟ್ಟಿಂಗಾದ ಟೆಕ್ಸ್‌ಚರನ್ನು ಮೇಲಿನ ಹಂತಕ್ಕೆ ಇಟ್ಟರೆ 1080ಪಿಯಲ್ಲೂ 8 ಜಿಬಿ ತುಂಬಿಹೋಗುತ್ತದೆ. ತುಂಬಿದಾಗ ಕಾರ್ಡು ನಿಲ್ಲುವುದಿಲ್ಲ. ಉಳಿದ ಸರಕನ್ನು ಕಂಪ್ಯೂಟರಿನ ರ‍್ಯಾಮಿನಲ್ಲಿಟ್ಟು ಪಿಸಿಐಇ ಸ್ಲಾಟಿನ (ಕಾರ್ಡು ಕೂರುವ ಜಾಗದ) ಮೂಲಕ ಎಳೆದಾಡುತ್ತದೆ. ಸರಾಸರಿ ಫ್ರೇಮ್ ಚೆನ್ನಾಗಿಯೇ ಕಾಣುತ್ತದೆ, ತಿರುಗಿದಾಗೆಲ್ಲ ಆಟ ಮುಗ್ಗರಿಸುತ್ತದೆ, ಗೋಡೆಗಳ ಚಿತ್ರ ಮಸುಕಾಗುತ್ತದೆ. ಇದಕ್ಕೆ ಪರಿಹಾರ ಟೆಕ್ಸ್‌ಚರನ್ನು ಒಂದು ಹಂತ ಇಳಿಸುವುದು. ನೆರಳು, ಹುಲ್ಲು ಇಳಿಸಿದರೆ ಮೆಮೊರಿಗೆ ಹೆಚ್ಚು ಪ್ರಯೋಜನವಿಲ್ಲ.

ಹೀಗಾಗಿ ನಾಲ್ಕೈದು ವರ್ಷ ಇಟ್ಟುಕೊಳ್ಳುವವರು, 1440ಪಿ ಮಾನಿಟರ್ ಇರುವವರು 16 ಜಿಬಿ ಕಾರ್ಡಿಗೆ ಕಾಯುವುದು ಒಳ್ಳೆಯದು. ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ಸುಮಾರು 160 ವ್ಯಾಟ್, ಆರ್‌ಟಿಎಕ್ಸ್ 5060 ಟಿಐ 16 ಜಿಬಿ 180 ವ್ಯಾಟ್. ಇವೆರಡೂ ನಮ್ಮ ಕಡೆಯ ಮನೆಗಳಿಗೆ ಹೇಳಿ ಮಾಡಿಸಿದಂತಿವೆ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆದರೆ ಇವೆರಡಕ್ಕೂ ಇದೇ ಹೆಸರಿನಲ್ಲಿ 8 ಜಿಬಿ ಅವತಾರವೂ ಇದೆ. ಡಬ್ಬದ ಮೇಲೆ ಹೆಸರು ಮಾತ್ರ ಓದಿ ತರಬೇಡಿ, ಜಿಬಿ ಓದಿ. ಹಳೆಯ ಆರ್‌ಟಿಎಕ್ಸ್ 3060ರಲ್ಲೂ ಇದೇ ಗೊಂದಲ: 12 ಜಿಬಿಯದು 192 ಬಿಟ್ ಮೆಮೊರಿ ದಾರಿಯದು, 8 ಜಿಬಿಯದು 128 ಬಿಟ್. ಎರಡನೆಯದು ಬರೀ ಮೆಮೊರಿಯಲ್ಲಲ್ಲ, ವೇಗದಲ್ಲೂ ಹಿಂದೆ.

ಸ್ಲಾಟಿನ ವಿಷಯವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಆರ್‌ಎಕ್ಸ್ 6600, 7600, ಆರ್‌ಟಿಎಕ್ಸ್ 4060, 5060, 5060 ಟಿಐ, ಇಂಟೆಲ್ ಆರ್ಕ್ ಬಿ580 ಇವೆಲ್ಲ ಉದ್ದ ಸ್ಲಾಟಿನಲ್ಲಿ ಕೂತರೂ ಬಳಸುವುದು 8 ಲೇನ್ (ಮಾಹಿತಿ ಓಡಾಡುವ ದಾರಿ) ಮಾತ್ರ. ಮದರ್‌ಬೋರ್ಡು ಪಿಸಿಐಇ 4.0 ಆದರೆ ಚಿಂತೆಯಿಲ್ಲ. ಬಿ450, ಎ320ರಂಥ ಬೋರ್ಡು 3.0, ಅಲ್ಲಿ ದಾರಿ ಅರ್ಧವಾಗುತ್ತದೆ. ಮೆಮೊರಿ ತುಂಬದ ತನಕ ನಷ್ಟ ಅಲ್ಪ. 8 ಜಿಬಿ ತುಂಬಿದೊಡನೆ ಆ ಕಿರಿದಾದ ದಾರಿಯಲ್ಲೇ ಎಲ್ಲವೂ ಓಡಾಡಬೇಕಾಗಿ ನಷ್ಟ ದೊಡ್ಡದಾಗುತ್ತದೆ. ಹಳೇ ಬೋರ್ಡಿಗೆ ಹೊಸ ಕಾರ್ಡು ಹಾಕುವವರು 12 ಅಥವಾ 16 ಜಿಬಿಯದನ್ನೇ ನೋಡಿ. ಆರ್‌ಎಕ್ಸ್ 9060 ಎಕ್ಸ್‌ಟಿ 16 ಲೇನ್ ಬಳಸುವುದರಿಂದ ಅಲ್ಲಿ ಇನ್ನೂ ಅನುಕೂಲ. ಆರ್‌ಎಕ್ಸ್ 6500 ಎಕ್ಸ್‌ಟಿಗೆ 4 ಜಿಬಿ ಮೆಮೊರಿ, 4 ಲೇನ್. ಹಳೇ ಬೋರ್ಡಿಗೆ ಅದನ್ನು ತರಲೇಬೇಡಿ.

ಆರ್ಕ್ ಬಿ580 ಬಗ್ಗೆ ಕೆಲವರು ಕೇಳುತ್ತಾರೆ. 12 ಜಿಬಿ, 190 ವ್ಯಾಟ್, ಬೆಲೆಗೆ ತಕ್ಕ ಕಾರ್ಡು. ಷರತ್ತು ಎರಡು: ಬೋರ್ಡಿನಲ್ಲಿ ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ಬಳಸಲು ಬಿಡುವ ಸೌಲಭ್ಯ) ಇರಲೇಬೇಕು, ಪ್ರೊಸೆಸರ್ ಹೊಸದಿರಬೇಕು. ಅದರ ಡ್ರೈವರ್ ಪ್ರೊಸೆಸರಿನ ಮೇಲೆ ಹೆಚ್ಚು ಹೊರೆ ಹಾಕುತ್ತದೆ, ಹಳೆಯ ಪ್ರೊಸೆಸರಿನ ಜೊತೆ ಫ್ರೇಮ್ ಕುಸಿಯುತ್ತದೆ.

ಎನ್‌ವಿಡಿಯಾ ಮತ್ತು ಎಎಂಡಿ ನಡುವೆ? ಆಟವಷ್ಟೇ ಆದರೆ ಅದೇ ಬೆಲೆಗೆ ಹೆಚ್ಚು ಮೆಮೊರಿ ಕೊಡುವುದನ್ನು ತೆಗೆದುಕೊಳ್ಳಿ. ಬ್ಲೆಂಡರ್ (3ಡಿ ಚಿತ್ರ ಮಾಡುವ ತಂತ್ರಾಂಶ), ವಿಡಿಯೋ ಎಡಿಟಿಂಗ್, ಕಾಲೇಜಿನ ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್ ಇದ್ದರೆ ಎನ್‌ವಿಡಿಯಾ. ಆ ತಂತ್ರಾಂಶಗಳು ಕುಡಾ ಎಂಬ ಅದರ ವ್ಯವಸ್ಥೆಗೆ ಒಗ್ಗಿವೆ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಎಂಬ, ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ಹಿಗ್ಗಿಸುವ ತಂತ್ರಗಳು ಉಪಯುಕ್ತ. ಆದರೆ 1080ಪಿಯಲ್ಲಿ ‘ಕ್ವಾಲಿಟಿ’ ಹಂತ ಎಂದರೂ ಒಳಗೆ ಬಿಡಿಸುವುದು 1280×720 ಚಿತ್ರ ಎನ್ನುವುದು ನೆನಪಿರಲಿ. ಫ್ರೇಮ್ ಜನರೇಷನ್ (ನಡುವೆ ಕೃತಕ ಫ್ರೇಮ್ ತುಂಬುವುದು) ಕಣ್ಣಿಗೆ ಮಾತ್ರ ನುಣುಪು ಕೊಡುತ್ತದೆ, ಮೌಸಿನ ಪ್ರತಿಕ್ರಿಯೆ ಚುರುಕಾಗುವುದಿಲ್ಲ. ಮೂಲ ಫ್ರೇಮ್ 60ರ ಹತ್ತಿರ ಇದ್ದರೆ ಮಾತ್ರ ಹಾಕಿ.

ಪ್ರೊಸೆಸರ್

ಕಥೆಯಿರುವ ದೊಡ್ಡ ಆಟಗಳನ್ನು 60ರಿಂದ 100 ಫ್ರೇಮಿನಲ್ಲಿ ಆಡುವವರಿಗೆ 6 ಕೋರ್, 12 ಥ್ರೆಡ್ ಸಾಕು. ಕಡಿಮೆ ಖರ್ಚಿನಲ್ಲಿ ರೈಜನ್ 5 5600 ಅಥವಾ ಇಂಟೆಲ್‌ನ ಕೋರ್ ಐ5 12400. ಎರಡರ ಸಾಕೆಟ್ಟಿಗೂ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ), ಅಂದರೆ ಎಎಂ4 ಮತ್ತು ಎಲ್‌ಜಿಎ 1700ಕ್ಕೆ, ಮುಂದಿನ ದಾರಿ ಮುಚ್ಚಿದೆ. ಮನೆಯಲ್ಲಿ ಡಿಡಿಆರ್4 ರ‍್ಯಾಮ್ ಈಗಾಗಲೇ ಇದ್ದರೆ ಇವು ಜಾಣತನದ ಆಯ್ಕೆ. ಎಲ್ಲವನ್ನೂ ಹೊಸದಾಗಿ ಕೊಳ್ಳುವವರು ಎಎಂ5 ಸಾಕೆಟ್ಟಿನ ರೈಜನ್ 5 7600 ನೋಡಿ. ಈ ಸಾಕೆಟ್ಟಿಗೆ 2027 ಮತ್ತು ಅದರಾಚೆಗೂ ಪ್ರೊಸೆಸರ್ ಬಿಡುವುದಾಗಿ ಎಎಂಡಿ ಹೇಳಿದೆ. ಮೂರು ವರ್ಷ ಬಿಟ್ಟು ಪ್ರೊಸೆಸರ್ ಮಾತ್ರ ಕಿತ್ತು ಹೊಸದು ಕೂರಿಸಬಹುದು.

ವ್ಯಾಲೊರೆಂಟ್, ಕೌಂಟರ್-ಸ್ಟ್ರೈಕ್ 2ನ್ನು 240 ಹರ್ಟ್ಸ್‌ನಲ್ಲಿ ಆಡುವವರಿಗೆ ಲೆಕ್ಕ ಬೇರೆ. ಅವರಿಗೆ ಎಕ್ಸ್3ಡಿ ಸಾಲಿನ ಪ್ರೊಸೆಸರ್ ಬೆಲೆಬಾಳುತ್ತದೆ. 7600ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರಿನ ಒಳಗಿನ ಮೆಮೊರಿ) 32 ಎಂಬಿ, 7800ಎಕ್ಸ್3ಡಿಯಲ್ಲಿ 96. ಕೈಗೆಟುಕುವ ಡಬ್ಬಿಯಲ್ಲಿ ಸಾಸಿವೆ ಇದ್ದರೆ ಪ್ರತಿ ಸಲ ಅಟ್ಟ ಹತ್ತಬೇಕಿಲ್ಲವಲ್ಲ, ಹಾಗೆ. ರ‍್ಯಾಮಿನ ತನಕ ಹೋಗಿಬರುವ ಸಮಯ ಉಳಿಯುತ್ತದೆ. ಸರಾಸರಿಗಿಂತ ಹೆಚ್ಚಾಗಿ ನಡುನಡುವೆ ಬೀಳುವ ಕುಸಿತ ಕಡಿಮೆಯಾಗುತ್ತದೆ. ಆದರೆ 60 ಹರ್ಟ್ಸ್ ಮಾನಿಟರಿಗೆ, ಆರ್‌ಎಕ್ಸ್ 6600ರ ಜೊತೆಗೆ ಈ ಪ್ರೊಸೆಸರ್ ತಂದರೆ ಆ ಹಣ ಕಾರ್ಡಿಗೆ ಹೋಗಬೇಕಿತ್ತು ಎಂದೇ ಹೇಳಬೇಕಾಗುತ್ತದೆ.

ಹೆಸರಿನ ಕೊನೆಯ ಅಕ್ಷರಗಳಲ್ಲಿ ಬಲೆಗಳಿವೆ. 5600ಜಿ ಎನ್ನುವುದು 5600ರ ಅಣ್ಣನಲ್ಲ: ಕ್ಯಾಶ್ ಅರ್ಧ, ಸ್ಲಾಟ್ ಪಿಸಿಐಇ 3.0. ಕಾರ್ಡಿಲ್ಲದೆ ಕೆಲ ತಿಂಗಳು ನಡೆಸುವವರಿಗೆ ಮಾತ್ರ ಅದು. 8500ಜಿ ಕಾರ್ಡಿಗೆ ಕೊಡುವುದು 4 ಲೇನ್. ಅದರ ಜೊತೆ ಒಳ್ಳೆಯ ಕಾರ್ಡು ಹಾಕುವುದು ವ್ಯರ್ಥ.

ಎಫ್ ಅಕ್ಷರದ ಬಗ್ಗೆ ನಾನು ಎಲ್ಲರ ಮಾತಿಗೆ ವಿರುದ್ಧ ಹೇಳುತ್ತೇನೆ. 12400ಎಫ್, 7500ಎಫ್ ಇವುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಸ್ವಲ್ಪ ಅಗ್ಗ. ಗೇಮಿಂಗಿಗೆ ಕಾರ್ಡಿದೆಯಲ್ಲ, ಎಫ್ ತೆಗೆದುಕೊಳ್ಳಿ ಎನ್ನುವುದು ಸಾಮಾನ್ಯ ಸಲಹೆ. ಬೆಂಗಳೂರಿನಲ್ಲಿ ಅದು ಸರಿ. ಇಲ್ಲಿ ಕಾರ್ಡು ಕೆಟ್ಟರೆ ಪೆಟ್ಟಿಗೆ ಕಟ್ಟಿ ಘಟ್ಟದಾಚೆಗೆ ಕಳಿಸಬೇಕು, ಬರುವುದಕ್ಕೆ ವಾರಗಟ್ಟಲೆ. ಅಷ್ಟೂ ದಿನ ಎಫ್ ಪ್ರೊಸೆಸರಿನ ಕಂಪ್ಯೂಟರ್ ಪರದೆಯನ್ನೇ ತೋರಿಸುವುದಿಲ್ಲ. ತೊಂದರೆ ಕಾರ್ಡಿನದ್ದೋ ಬೋರ್ಡಿನದ್ದೋ ಎಂದು ಮನೆಯಲ್ಲಿ ಪತ್ತೆ ಮಾಡುವುದಕ್ಕೂ ಆಗುವುದಿಲ್ಲ. 12400 ಅಥವಾ 7600 ಆದರೆ ಕಾರ್ಡು ತೆಗೆದು, ಕೇಬಲ್ಲನ್ನು ಬೋರ್ಡಿಗೆ ಹಾಕಿ ಓದು, ಕೆಲಸ ಮುಂದುವರಿಸಬಹುದು. ಕರಾವಳಿಯಲ್ಲಿ, ಘಟ್ಟದ ಮೇಲೆ ಇರುವವರು ಆ ಸಣ್ಣ ವ್ಯತ್ಯಾಸ ಕೊಟ್ಟೇ ತರಬೇಕು.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಮೇಲಿನ ಮಾದರಿಗಳಲ್ಲಿ ಹೆಚ್ಚಿನ ವೋಲ್ಟೇಜಿನಿಂದ ಚಿಪ್ಪೇ ಸವೆಯುವ ತೊಂದರೆ ಕಂಡುಬಂದು, 2024ರ ಆಗಸ್ಟ್‌ನಿಂದ ಮೈಕ್ರೋಕೋಡ್ ತಿದ್ದುಪಡಿಗಳು ಬಂದವು. ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿದರು. ಈ ಸಾಲಿನದನ್ನು ಕೊಂಡರೆ ಮೊದಲ ದಿನವೇ ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಹೊಸದಾಗಿಸಿ. ಈಗಾಗಲೇ ಸವೆದ ಚಿಪ್ಪನ್ನು ತಿದ್ದುಪಡಿ ಸರಿಮಾಡುವುದಿಲ್ಲ. ಹೀಗಾಗಿ ಸೆಕೆಂಡ್ ಹ್ಯಾಂಡ್ ಐ7, ಐ9 ಬೇಡ.

ವ್ಯಾಟ್, ಸೆಕೆ, ಕರೆಂಟು

ಕಂಪ್ಯೂಟರ್ ತಿನ್ನುವ ಪ್ರತಿ ವ್ಯಾಟೂ ಕೊನೆಗೆ ಕೋಣೆಯ ಬಿಸಿಯಾಗಿಯೇ ಹೊರಬರುತ್ತದೆ. 7600 ಪೂರ್ತಿ ದುಡಿದಾಗ 88 ವ್ಯಾಟ್, 4060ಗೆ 115, ಬೋರ್ಡು, ಫ್ಯಾನ್, ಎಸ್‌ಎಸ್‌ಡಿಗೆ 50 ಎಂದುಕೊಂಡರೆ 253. ಅದೇ ಜಾಗದಲ್ಲಿ ಆರ್‌ಎಕ್ಸ್ 9070 ಎಕ್ಸ್‌ಟಿ ಇಟ್ಟರೆ ಕಾರ್ಡೊಂದೇ 304. ಕಾರ್ಡಿನ ಉಷ್ಣತೆ ಕೋಣೆಯ ಉಷ್ಣತೆಯ ಜೊತೆ ಹೆಚ್ಚುಕಡಿಮೆ ಡಿಗ್ರಿಗೆ ಡಿಗ್ರಿ ಏರುತ್ತದೆ. ವಿಡಿಯೋದಲ್ಲಿ 22 ಡಿಗ್ರಿಯ ಕೋಣೆಯಲ್ಲಿ 68 ತೋರಿಸಿದ ಕಾರ್ಡು ಮೇ ತಿಂಗಳ ಕುಮಟಾದ 34 ಡಿಗ್ರಿಯಲ್ಲಿ 80 ತೋರಿಸಿದರೆ ಅದರಲ್ಲಿ ದೋಷವಿಲ್ಲ. ಫ್ಯಾನ್ ಕೂಗು ಜಾಸ್ತಿ, ಅಷ್ಟೇ. ಕಿಟಕಿ ಮುಚ್ಚಿದ ಕೋಣೆಯಲ್ಲಿ 400 ವ್ಯಾಟಿನ ಯಂತ್ರ ಎರಡು ಗಂಟೆ ಓಡಿದರೆ ಕೂತವರಿಗೇ ತಡೆಯಲಾಗುವುದಿಲ್ಲ. ಆಫ್ಟರ್‌ಬರ್ನರಿನಲ್ಲಿ ಪವರ್ ಮಿತಿಯನ್ನು ಶೇಕಡಾ 80ಕ್ಕೆ ಇಳಿಸಿ. ಕಳೆದುಕೊಳ್ಳುವ ಫ್ರೇಮ್ ಸಾಮಾನ್ಯವಾಗಿ ಶೇಕಡಾ 5ರ ಆಸುಪಾಸು, ಬಿಸಿ ಮತ್ತು ಸದ್ದಿನಲ್ಲಿ ಆಗುವ ಲಾಭ ಅದಕ್ಕಿಂತ ಎಷ್ಟೋ ಹೆಚ್ಚು. ಎದುರಿನ ಮುಖ ಪೂರ್ತಿ ಗಾಜಿರುವ ಕ್ಯಾಬಿನೆಟ್ ಬೇಡ. ಮುಂದೆ ಜಾಲರಿ, ಒಳಗೆ ಎಳೆಯುವ ಎರಡು ಫ್ಯಾನ್, ಹಿಂದೆ ಹೊರಹಾಕುವ ಒಂದು ಇರಲಿ.

ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ಕರೆಂಟು ಕೊಡುವ ಪೆಟ್ಟಿಗೆ) ವಿಷಯದಲ್ಲಿ ಕಂಜೂಸಿ ಮಾಡಿದವರೇ ಆಮೇಲೆ ಕಾರ್ಡು, ಬೋರ್ಡು ಎರಡನ್ನೂ ಕಳೆದುಕೊಳ್ಳುವುದು. ಮೇಲೆ ಹೇಳಿದ 253 ವ್ಯಾಟಿಗೆ 550 ವ್ಯಾಟಿನ, 80 ಪ್ಲಸ್ ಬ್ರಾಂಜ್ ಗುರುತಿರುವ ಒಳ್ಳೆಯದು ಸಾಕು. ಲೇಬಲ್ಲಿನಲ್ಲಿ ವ್ಯಾಟಿಗಿಂತ ಮೊದಲು ಇನ್‌ಪುಟ್ ಸಾಲು ನೋಡಿ. ‘100–240 ವೋಲ್ಟ್’ ಎಂದಿದ್ದರೆ ಸಂಜೆ ಹೊತ್ತು ವೋಲ್ಟೇಜ್ 170ಕ್ಕೆ ಇಳಿದರೂ ನಡೆಯುತ್ತದೆ. ‘200–240’ ಎಂದಿದ್ದರೆ ಪಂಪ್‌ಸೆಟ್ ಶುರುವಾದಾಗೆಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ, ಜನ ಕಾರ್ಡನ್ನು ಬೈಯುತ್ತಾರೆ.

ಮನೆಯ ಇನ್ವರ್ಟರ್ ಮೇಲೆ ನಡೆಸುವವರಿಗೆ ಎರಡು ಮಾತು. ಅದು ಶುದ್ಧ ಸೈನ್ ವೇವ್ ಇರಲಿ. ಹಿಂದಿನ ಸ್ವಿಚ್ಚು ‘ಯುಪಿಎಸ್’ ಕಡೆಗಿರಲಿ. ಕರೆಂಟು ಹೋದ ಮೇಲೆ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರಿನ ಬಲದಲ್ಲಿ ತಡೆಯುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಇನ್ವರ್ಟರ್ ಅಷ್ಟರೊಳಗೆ ಕೈ ಬದಲಿಸಬೇಕು. ಮಾಮೂಲಿ ಮೋಡಿನಲ್ಲಿ ಅದು ತಡ ಮಾಡುತ್ತದೆ: ದೀಪ ಮಿಟುಕಿಸಿ ಉಳಿಯುತ್ತದೆ, ಕಂಪ್ಯೂಟರ್ ಆರಿಹೋಗುತ್ತದೆ. 600 ವಿಎ ಎಂದು ಬರೆದ ಸಣ್ಣ ಯುಪಿಎಸ್‌ಗಳಲ್ಲಿ ಹೆಚ್ಚಿನವು ಕೊಡುವುದು 360 ವ್ಯಾಟ್. ಮಾನಿಟರನ್ನೂ ಸೇರಿಸಿ ಲೆಕ್ಕ ಹಾಕಿ.

ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಸುಮಾರು 115 ವೋಲ್ಟ್ ಲೋಹದ ಮೈಗೆ ಬರುತ್ತದೆ. ಪ್ರವಾಹ ಅಲ್ಪವಾದರೂ ಎಚ್‌ಡಿಎಂಐ ಕೇಬಲ್ ಚುಚ್ಚುವಾಗ ಕಾರ್ಡಿನ ಪೋರ್ಟ್ ಸುಡುವುದಕ್ಕೆ ಸಾಕು. ನಮ್ಮ ಕೆಂಪುಕಲ್ಲಿನ ನೆಲ ಮಾರ್ಚಿನಿಂದ ಮೇ ತನಕ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಗುಂಡಿಗೆ ನೀರು ಹಾಕಿ, ಎಲೆಕ್ಟ್ರಿಷಿಯನ್ ಕರೆಸಿ ಅಳತೆ ಮಾಡಿಸಿ. ಸಿಡಿಲಿನ ದಿನಗಳಲ್ಲಿ ಪ್ಲಗ್ ಕಿತ್ತರೆ ಸಾಲದು, ರೌಟರಿನಿಂದ ಬರುವ ಲ್ಯಾನ್ ಕೇಬಲ್ಲನ್ನೂ ಕೀಳಿ.

ತರುವುದು, ಜೋಡಿಸುವುದು

ಡಬ್ಬವಿಲ್ಲದ ‘ಟ್ರೇ’ ಪ್ರೊಸೆಸರ್ ಅಗ್ಗ, ಆದರೆ ಅದಕ್ಕೆ ತಯಾರಕರ ವಾರಂಟಿ ನಿಮಗೆ ಸಿಗುವುದಿಲ್ಲ, ಮಾರಿದವರ ಮಾತೇ ಗತಿ. ಡಬ್ಬದಲ್ಲಿ ಬಂದದ್ದಕ್ಕೆ ಮೂರು ವರ್ಷ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಜೋಡಿಸಿ ಬಸ್ಸಿನ ಪಾರ್ಸೆಲ್ಲಿನಲ್ಲಿ ತರಿಸುವವರು ಕಾರ್ಡನ್ನು ಬೇರೆ ಡಬ್ಬದಲ್ಲೇ ಕಳಿಸಲು ಹೇಳಿ. ಒಂದು ಕಿಲೋ ತೂಗುವ ಕಾರ್ಡು ಸ್ಲಾಟಿಗೆ ಜೋತುಬಿದ್ದು ಅರಬೈಲ್ ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಇಳಿದರೆ ಸ್ಲಾಟೇ ಸೀಳಬಹುದು. ದೊಡ್ಡ ಟವರ್ ಕೂಲರಿಗೂ ಇದೇ ಮಾತು.

ಜೋಡಿಸುವಾಗ ಆಗುವ ತಪ್ಪುಗಳು ಕೆಲವೇ, ಪದೇಪದೇ ಅವೇ. ಎಎಂ4 ಪ್ರೊಸೆಸರಿನ ಕೆಳಗೆ ಪಿನ್ನುಗಳಿವೆ. ಎಎಂ5, ಎಲ್‌ಜಿಎ 1700ರಲ್ಲಿ ಪಿನ್ನು ಇರುವುದು ಬೋರ್ಡಿನ ಸಾಕೆಟ್ಟಿನಲ್ಲಿ. ಒಂದು ಪಿನ್ನು ಬಾಗಿದರೂ ಬೋರ್ಡಿನ ವಾರಂಟಿ ಹೋದಂತೆಯೇ. ಮೂಲೆಯ ತ್ರಿಕೋನ ಹೊಂದಿಸಿ ಇಡಿ, ಒತ್ತಬೇಡಿ. ಸಾಕೆಟ್ಟಿನ ಸನ್ನೆ (ಲಿವರ್) ಇಳಿಸುವಾಗ ಬಿಗಿ ಎನಿಸುವುದು ಸಹಜ, ಕಪ್ಪು ಮುಚ್ಚಳ ತಾನೇ ಹಾರುತ್ತದೆ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ನೋಡಿ. ಥರ್ಮಲ್ ಪೇಸ್ಟ್ ಬಟಾಣಿ ಕಾಳಿನಷ್ಟು. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. 5600, 7600ರ ಡಬ್ಬದಲ್ಲಿ ಕೂಲರ್ ಬರುತ್ತದೆ, ಎಕ್ಸ್3ಡಿಯಲ್ಲಿ ಬರುವುದಿಲ್ಲ.

ರ‍್ಯಾಮ್ ಎರಡು ಕಡ್ಡಿ ಇರಲಿ, ಪ್ರೊಸೆಸರಿನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿ. 16 ಜಿಬಿಯ ಒಂದೇ ಕಡ್ಡಿಗಿಂತ 8 ಜಿಬಿಯ ಎರಡು ಮೇಲು, ದಾರಿ ಎರಡಾಗುತ್ತದೆ. ಎಎಂ5ರಲ್ಲಿ ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಕಪ್ಪು ಪರದೆ ಇರುತ್ತದೆ. ಬೋರ್ಡು ರ‍್ಯಾಮನ್ನು ಹೊಂದಿಸಿಕೊಳ್ಳುತ್ತಿರುತ್ತದೆ, ಗಾಬರಿಯಿಂದ ಆಫ್ ಮಾಡಬೇಡಿ. ಬಂದ ಮೇಲೆ ಬಯೋಸ್‌ನಲ್ಲಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಆನ್ ಮಾಡಿ. ಮಾಡದಿದ್ದರೆ 6000 ಎಂದು ಹಣ ಕೊಟ್ಟ ರ‍್ಯಾಮ್ 4800ರಲ್ಲೇ ಓಡುತ್ತಿರುತ್ತದೆ. ಅಲ್ಲೇ ರೀಸೈಜಬಲ್ ಬಾರ್, ಸೆಕ್ಯೂರ್ ಬೂಟ್, ಟಿಪಿಎಂ ಮೂರನ್ನೂ ನೋಡಿ. ವಿಂಡೋಸ್ 11ರಲ್ಲಿ ವ್ಯಾಲೊರೆಂಟ್ ತೆರೆಯಲು ಕೊನೆಯೆರಡು ಬೇಕೇ ಬೇಕು. ಪ್ರೊಸೆಸರಿನ 8 ಪಿನ್ ಕೇಬಲ್ 4+4 ಆಗಿ, ಕಾರ್ಡಿನದ್ದು 6+2 ಆಗಿ ಒಡೆಯುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ತುರುಕಬೇಡಿ. ಹೊಸ 16 ಪಿನ್ (12+4) ಕನೆಕ್ಟರ್ ಇರುವ ಕಾರ್ಡಾದರೆ ಸಂದು ಕಾಣದಂತೆ ಪೂರ್ತಿ ಒಳಗೆ ಹೋಗಬೇಕು, ಬುಡದಲ್ಲೇ ಕೇಬಲ್ ಬಾಗಿಸಬಾರದು. ಅರ್ಧ ಕೂತದ್ದು ಬಿಸಿಯಾಗಿ ಕರಗುತ್ತದೆ. ಮಾನಿಟರ್ ಕೇಬಲ್ ಕಾರ್ಡಿಗೆ ಹಾಕಿ, ಬೋರ್ಡಿಗಲ್ಲ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 144 ಹರ್ಟ್ಸ್ ಆರಿಸಿ, ಇಲ್ಲದಿದ್ದರೆ ಅದು 60ರಲ್ಲೇ ಉಳಿದಿರುತ್ತದೆ.

ಸಭೆಯಿಂದ ಬಂದ ಪ್ರಶ್ನೆಗಳು

*ಸೆಕೆಂಡ್ ಹ್ಯಾಂಡ್ ಕಾರ್ಡು ತರಬಹುದೇ?*

ತರಬಹುದು, ಎದುರಿಗೆ ಓಡಿಸಿ ನೋಡಿ ತರಬೇಕು. ಅರ್ಧ ಗಂಟೆ ಭಾರವಾದ ಆಟ ಓಡಿಸಿ. ಜಿಪಿಯು-ಝಡ್‌ನಲ್ಲಿ (ಕಾರ್ಡಿನ ವಿವರ ತೋರಿಸುವ ತಂತ್ರಾಂಶ) ಹೆಸರು, ಮೆಮೊರಿ, ಕೋರ್ ಸಂಖ್ಯೆ ನೋಡಿ. ಕಾರ್ಡಿನ ಉಷ್ಣತೆಗೂ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗದ) ಉಷ್ಣತೆಗೂ 25 ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಪೇಸ್ಟ್ ಒಣಗಿದೆ ಎಂದು ಲೆಕ್ಕ. ಆರ್‌ಎಕ್ಸ್ 580 2048ಎಸ್‌ಪಿ ಎಂದು ಮಾರುವುದು ಶಕ್ತಿಯಲ್ಲಿ 570ರ ಸಮ, ನಿಜವಾದ 580 ಅಲ್ಲ. ಜಿಟಿಎಕ್ಸ್ 900 ಮತ್ತು 1000 ಸಾಲಿಗೆ 2025ರ ಅಕ್ಟೋಬರ್ ನಂತರ ಹೊಸ ಆಟಗಳ ಡ್ರೈವರ್ ನಿಂತಿದೆ. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ ಹಾಕುವ ತಂತ್ರ) ಇಲ್ಲದ ಕಾರ್ಡಿನಲ್ಲಿ ತೆರೆಯುವುದೇ ಇಲ್ಲದ ಆಟಗಳೂ ಬಂದಿವೆ, ಹೀಗಾಗಿ 1650, 1660 ಕೂಡ ಅಗ್ಗವೆಂದು ತರಬೇಡಿ. ಕರಾವಳಿಯ ಮನೆಯಲ್ಲಿದ್ದ ಕಾರ್ಡಾದರೆ ಪೋರ್ಟುಗಳ ಲೋಹ, ಸ್ಕ್ರೂ, ಸ್ಲಾಟಿಗೆ ಕೂರುವ ಚಿನ್ನದ ಅಂಚು ನೋಡಿ. ಹಸಿರು ಕಿಲುಬು ಕಂಡರೆ ಬಿಟ್ಟುಬಿಡಿ.

*ಆಫೀಸಿನಿಂದ ತಂದ ಹಳೇ ಬ್ರಾಂಡೆಡ್ ಕಂಪ್ಯೂಟರಿಗೆ ಯಾವ ಕಾರ್ಡು?*

ಅದರ ಎಸ್‌ಎಂಪಿಎಸ್ ಚಿಕ್ಕದು, ಕಾರ್ಡಿಗೆ ಬೇರೆ ಕೇಬಲ್ಲೇ ಇರುವುದಿಲ್ಲ. ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟಿನದು, ಸ್ಲಾಟಿನಿಂದಲೇ ಕರೆಂಟು ಪಡೆಯುತ್ತದೆ. 8 ಜಿಬಿ ಮಾದರಿಗಿಂತ ನಿಧಾನ, ಆದರೂ ಆ ಪೆಟ್ಟಿಗೆಗೆ ಅದೇ ಸರಿ. ಕ್ಯಾಬಿನೆಟ್ ಗಿಡ್ಡದಾದರೆ ಅರ್ಧ ಎತ್ತರದ ಮಾದರಿ ಕೇಳಿ.

*ನಮ್ಮ ಮನೆ ಮಾಜಾಳಿಯಲ್ಲಿ, ಸಮುದ್ರ ಹತ್ತಿರ. ಮಳೆಗಾಲದಲ್ಲಿ ಏನು ಮಾಡಬೇಕು?*

ಪಡುವಣ ಕಿಟಕಿಯ ಎದುರು ಇಡಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಉಪ್ಪುಗಾಳಿ ಬರುವುದು ಆ ಕಡೆಯಿಂದಲೇ. ನೆಲದ ಮೇಲೆ ಬೇಡ, ಮೇಜಿನ ಮೇಲಿರಲಿ. ಉಪ್ಪು ಕೂತ ಧೂಳು ತೇವವನ್ನು ಎಳೆದುಕೊಳ್ಳುತ್ತದೆ, ತೇವವಾದ ಧೂಳಿನಲ್ಲಿ ಕರೆಂಟು ಸೋರುತ್ತದೆ, ಲೋಹ ಕಿಲುಬು ಹಿಡಿಯುತ್ತದೆ. ಹೀಗಾಗಿ ಮಳೆಗಾಲಕ್ಕೆ ಮೊದಲು, ಮೇ ಕೊನೆಯಲ್ಲಿ ಒಮ್ಮೆ ಬ್ಲೋವರಿನಿಂದ ಧೂಳು ಹೊರಹಾಕಿ. ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದುಕೊಳ್ಳಿ. ಬಳಸದ ಸ್ಲಾಟಿನ ತಗಡುಗಳನ್ನು ಕಿತ್ತು ಬಿಟ್ಟಿದ್ದರೆ ಮತ್ತೆ ಹಾಕಿ, ಆ ಸಂದಿಯಲ್ಲೇ ಇರುವೆ, ಹಲ್ಲಿ ಒಳಗೆ ಹೋಗುವುದು. ಮಳೆಗಾಲದಲ್ಲಿ ಆಡದ ದಿನವೂ ಅರ್ಧ ಗಂಟೆ ಆನ್ ಮಾಡಿಡಿ, ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ. ಆನ್ ಇರುವಾಗ ಬಟ್ಟೆಯಿಂದ ಮುಚ್ಚಬೇಡಿ, ಆಫ್ ಮಾಡಿ ತಣ್ಣಗಾದ ಮೇಲೆ ಮುಚ್ಚಿ. ಸ್ಕ್ರೀನ್ ಬರದಿದ್ದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಕಾರ್ಡು ಮತ್ತು ರ‍್ಯಾಮ್ ಹೊರತೆಗೆಯಿರಿ. ಚಿನ್ನದ ಅಂಚನ್ನು 99 ಶೇಕಡಾ ಐಸೊಪ್ರೊಪಿಲ್ ಆಲ್ಕೊಹಾಲ್ ಹಚ್ಚಿದ, ನಾರು ಬಿಡದ ಬಟ್ಟೆಯಿಂದ ಒರೆಸಿ. ರಬ್ಬರಿನಿಂದ ಉಜ್ಜಿದರೆ ಚಿನ್ನದ ತೆಳು ಪದರ ಸವೆಯುತ್ತದೆ, ಪುಡಿ ಸ್ಲಾಟಿಗೆ ಬೀಳುತ್ತದೆ. ಹದಿನೈದು ನಿಮಿಷ ಆರಲು ಬಿಟ್ಟು, ಕ್ಲಿಕ್ ಎನ್ನುವ ತನಕ ಒತ್ತಿ ಕೂರಿಸಿ, ಮೊದಲು ಒಂದೇ ರ‍್ಯಾಮ್ ಕಡ್ಡಿ ಹಾಕಿ, ಕಾರ್ಡಿಲ್ಲದೆ, ಬೋರ್ಡಿನ ಪೋರ್ಟಿಗೆ ಕೇಬಲ್ ಕೊಟ್ಟು ಆನ್ ಮಾಡಿ. 12400, 7600ರಂತೆ ಒಳಗಿನ ಗ್ರಾಫಿಕ್ಸ್ ಇರುವ ಪ್ರೊಸೆಸರ್ ತಂದಿದ್ದರೆ ಆಗ ಪರದೆ ಬರುತ್ತದೆ (5600ರಲ್ಲಿ ಎಫ್ ಅಕ್ಷರವಿಲ್ಲದಿದ್ದರೂ ಒಳಗಿನ ಗ್ರಾಫಿಕ್ಸ್ ಇಲ್ಲ). ಬಂದರೆ ಇನ್ನೊಂದು ಕಡ್ಡಿ ಹಾಕಿ ನೋಡಿ, ಕಾರ್ಡನ್ನು ಕೊನೆಗೆ ಕೂರಿಸಿ.